ಒಬ್ಬನಿಗೇ ಬರುವ ಭಾಷೆ

ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಾಕೆ ಕೋರ್ಟಿಗೆ ದೂರು ಕೊಟ್ಟಿದ್ದು ತನಗಾಗಿ ಅಲ್ಲ, ಎದುರುಮನೆಯ ಪುಟ್ಟಿಗಾಗಿ. ಕರೆಯುವುದು ಪುಟ್ಟಿ ಎಂದಾದರೂ ವಯಸ್ಸು ಮೂವತ್ತನಾಲ್ಕು. ಹುಟ್ಟಿನಿಂದಲೇ ಕಿವಿ ಕೇಳದು, ಮಾತೂ ಬಾರದು. ಅಪ್ಪ ಸಾಯುವ ಮುಂಚೆ ಮನೆಯನ್ನು ಅವಳಿಗಾಗಿ ಒಂದು ಟ್ರಸ್ಟ್‌ಗೆ ಸೇರಿಸಿ, ಅದನ್ನು ನೋಡಿಕೊಳ್ಳುವ ಟ್ರಸ್ಟಿಯಾಗಿ ತನ್ನ ತಮ್ಮನನ್ನೇ ನೇಮಿಸಿದ್ದ. ಮಗಳು ಮಹಡಿಯ ಕೋಣೆಯಲ್ಲಿರಬೇಕು, ಕಿವುಡರ ಶಾಲೆಗೆ ಹೋಗಬೇಕು ಎಂದು ಪತ್ರದಲ್ಲಿ ಬರೆಸಿದ್ದ.

ಚಿಕ್ಕಪ್ಪ ಮಹಡಿಯನ್ನು ತನ್ನ ಮಗಳು ಅಳಿಯನಿಗೆ ಬಿಟ್ಟುಕೊಟ್ಟ. ಪುಟ್ಟಿ ಅಡುಗೆಮನೆಯ ನೆಲಕ್ಕೆ ಬಂದಳು. ಶಾಲೆಯ ಸುದ್ದಿಯನ್ನು ಅವನು ಎತ್ತಲೇ ಇಲ್ಲ. ಅವಳಿಗೆ ಗೊತ್ತಿದ್ದದ್ದು ಚಿಕ್ಕಂದಿನಲ್ಲಿ ಅವನ ಜೊತೆ ಹೇಗೋ ಕೂಡಿಬಂದ ಕೈಸನ್ನೆ ಮಾತ್ರ.

ಪುಟ್ಟಿಯ ಯೋಗಕ್ಷೇಮ ನೋಡಲು ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿ ಬರುತ್ತಿದ್ದ. ಒಮ್ಮೆ ಅವನು ಬಂದಾಗ ಇಸ್ತ್ರಿಯಾಕೆ ಬಟ್ಟೆಯ ಗಂಟು ಹಿಡಿದು ಬಾಗಿಲಲ್ಲಿದ್ದಳು. ಪುಟ್ಟಿ ನೆಲ ತೋರಿಸಿದಳು, ಬೆನ್ನು ತೋರಿಸಿದಳು, ಕಣ್ಣಲ್ಲಿ ನೀರು.

"ನೆಲ ಒರೆಸಿ ಒರೆಸಿ ಬೆನ್ನುನೋವಂತೆ ಸಾರ್," ಎಂದ ಚಿಕ್ಕಪ್ಪ. "ಬೇಡ ಅಂದ್ರೆ ಕೇಳಲ್ಲ, ಹಟಮಾರಿ."

ಅಧಿಕಾರಿ ನಗುತ್ತ ಸಹಿ ಹಾಕಿದ. ಇಸ್ತ್ರಿಯಾಕೆಗೆ ಮೈಯೆಲ್ಲ ಉರಿದುಹೋಯಿತು.

ವಿಚಾರಣೆಯ ದಿನ ಪುಟ್ಟಿಯ ಹೇಳಿಕೆ ಪಡೆಯಲು ಕಿವುಡರ ಶಾಲೆಯ ಟೀಚರನ್ನು ಕರೆಸಿದ್ದರು. ಟೀಚರ ಬೆರಳುಗಳು ಚಕಚಕನೆ ಆಡಿದವು. ಪುಟ್ಟಿ ಕಕ್ಕಾಬಿಕ್ಕಿಯಾಗಿ ನೋಡಿ, ಮರ್ಯಾದೆಗೆಂದು ತಲೆಯಾಡಿಸಿದಳು. ಹತ್ತು ಸಲ ಪ್ರಯತ್ನಿಸಿದರೂ ಅಷ್ಟೇ.

ಚಿಕ್ಕಪ್ಪನಿಗೆ ಖುಷಿ ತಡೆಯಲಾಗಲಿಲ್ಲ. "ಅವಳ ಭಾಷೆ ನನಗೊಬ್ಬನಿಗೇ ಬರೋದು ಮೇಡಂ. ಬೇಕಿದ್ರೆ ನಾನೇ ಕೇಳಿ ಹೇಳ್ತೀನಿ."

ನ್ಯಾಯಾಧೀಶೆ ಕನ್ನಡಕ ತೆಗೆದರು. "ಶಾಲೆಗೆ ಸೇರಿಸಬೇಕು ಅಂತ ನಿಮ್ಮಣ್ಣ ಬರೆದು ಎಷ್ಟು ವರ್ಷ ಆಯ್ತು?"

"ಇಪ್ಪತ್ತೆಂಟು..."

"ಮತ್ತೆ ಅವಳ ಭಾಷೆ ನಿಮಗೊಬ್ಬರಿಗೇ ಯಾಕೆ ಬರುತ್ತೆ?"

ವಕೀಲ ಅವನ ಅಂಗಿ ಜಗ್ಗಿದ್ದು ತಡವಾಯಿತು. ಮಧ್ಯಾಹ್ನದ ಹೊತ್ತಿಗೆ ಆದೇಶ ಬಂತು. ಚಿಕ್ಕಪ್ಪ ಟ್ರಸ್ಟಿಯಲ್ಲ, ಇನ್ನು ಮುಂದೆ ಆ ಹೊಣೆ ಟೀಚರದು. ತಿಂಗಳೊಳಗೆ ಅವನ ಸಂಸಾರ ಮನೆ ಖಾಲಿ ಮಾಡಬೇಕು.

ಹೊರಗೆ ಬಂದು ಇಸ್ತ್ರಿಯಾಕೆ ಪುಟ್ಟಿಯನ್ನು ತಬ್ಬಿಕೊಂಡಳು. ಟೀಚರು ಮನೆಯ ಚಿತ್ರ ಬರೆದು ತೋರಿಸಿದರು. ಏನು ಮಾಡಿದರೂ ಪುಟ್ಟಿಗೆ ತಿಳಿಯಲಿಲ್ಲ. ಎಲ್ಲರ ಮುಖ ನೋಡಿ ಏನೋ ಅನಾಹುತವಾಗಿದೆ ಎಂದುಕೊಂಡಳೋ ಏನೋ, ಓಡಿಹೋಗಿ ಚಿಕ್ಕಪ್ಪನ ತೋಳು ಹಿಡಿದು ಗಡಿಬಿಡಿಯಿಂದ ಕೈಯಾಡಿಸತೊಡಗಿದಳು.

"ಏನ್ ಕೇಳ್ತಿದ್ದಾಳೆ?" ಇಸ್ತ್ರಿಯಾಕೆ ಅಂಗಲಾಚಿದಳು. "ನೀನು ಗೆದ್ದೆ ಅಂತ ಅವಳಿಗೆ ಒಂದು ಮಾತು ಹೇಳಿಬಿಡಿ. ನಿಮ್ಮ ಅಣ್ಣನ ಮಗಳಲ್ವಾ?"

"ನನ್ನ ಹೊಣೆ ಮುಗೀತಲ್ಲಮ್ಮ. ಕೋರ್ಟೇ ಹೇಳ್ತು, ನೀನೂ ಕೇಳಿದೆ."

ಚಿಕ್ಕಪ್ಪ ತೋಳು ಬಿಡಿಸಿಕೊಂಡ. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತೂರಿಸಿ, ಆರಾಮಾಗಿ ಮೆಟ್ಟಿಲಿಳಿದ. ಪುಟ್ಟಿ ಗೇಟಿನವರೆಗೂ ಅವನ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಕೇಳಿದ್ದನ್ನೇ ಕೇಳುತ್ತ ಹೋದಳು.