ಕೆಲಸ ಒಪ್ಪಿಸಿ ಪಕ್ಕದಲ್ಲೇ ನಿಂತವಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಕ್ಕ ಹೇಳುತ್ತಾಳೆ. ಸುಳ್ಳಲ್ಲ. ಯಾರಿಗೆ ಕೆಲಸ ಹೇಳಿದರೂ ಮುಗಿಯುವ ತನಕ ಅವರ ತಲೆಯ ಮೇಲೆ ನಿಂತಿರುತ್ತೇನೆ ಎಂಬುದು ಅವಳ ಇನ್ನೊಂದು ದೂರು. “ಗಂಡನಿಗೆ ಪಾತ್ರೆ ತೊಳಿ ಅಂತೀಯ, ಆಮೇಲೆ ಸಿಂಕ್ ಪಕ್ಕ ಕಂಬದ ಹಾಗೆ ನಿಂತ್ಕೋತೀಯ. ನೀನೇ ತೊಳೆದ್ರೆ ಒಬ್ಬರಾದ್ರೂ ಕೂತ್ಕೋಬಹುದಲ್ಲೇ!” ನಾನು ಇಂಥ ಮಾತಿಗೆಲ್ಲ ಸೊಪ್ಪು ಹಾಕಿದವಳಲ್ಲ. ಆದರೆ ಅದೇ ಚಾಳಿಯಿಂದ ಒಬ್ಬ ಹೆಂಗಸಿನ ಉಸಿರಿಗೆ ಸಂಚಕಾರ ಬರುವುದರಲ್ಲಿತ್ತು.

ನಾನು ಒಂದು ದೊಡ್ಡ ಆಸ್ಪತ್ರೆಯ ಸಾಫ್ಟ್‌ವೇರ್ ನೋಡಿಕೊಳ್ಳುವವಳು. ಹೊಸ ರೋಗಿಗಳ ಹೆಸರು ಬರೆದುಕೊಳ್ಳುವುದು ಮೂರನೇ ಕೌಂಟರಿನಲ್ಲಿ. ಅಲ್ಲಿ ಕೂರುವ ಹೆಂಗಸಿಗೆ ಎಲ್ಲರೂ ಕೌಂಟರಮ್ಮ ಎನ್ನುತ್ತಾರೆ. ನಿವೃತ್ತಿಗೆ ಇನ್ನು ಮೂರು ವರ್ಷ, ಟೈಪ್ ಮಾಡುವುದು ಎರಡೇ ಬೆರಳಿನಲ್ಲಿ, ಜೊತೆಗೆ ಉಬ್ಬಸ. ಉಸಿರಿನ ಜೊತೆ ಎಳೆದುಕೊಳ್ಳುವ ಔಷಧದ ನೀಲಿ ಡಬ್ಬಿ ಯಾವಾಗಲೂ ಮೌಸಿನ ಪಕ್ಕದಲ್ಲೇ.

ಎರಡು ತಿಂಗಳಿಂದ ಅವರ ಮುಂದಿನ ಸಾಲು ಬಾಗಿಲು ದಾಟಿ ಹೊರಗೆ ಬೆಳೆಯುತ್ತಿತ್ತು. ದೂರು ಹೆಚ್ಚಾಗಿ ಸೂಪರಿಂಟೆಂಡೆಂಟರು ನನ್ನಿಂದ ವರದಿ ಕೇಳಿದರು. ನಾನು ಆ ಎರಡು ಬೆರಳು ನೋಡಿದ್ದವಳು. “ಸರ್ವರ್ ಸರಿಯಿದೆ. ಮೂರನೇ ಕೌಂಟರಿನಲ್ಲಿ ಕೆಲಸ ನಿಧಾನ” ಎಂದು ಬರೆದು ಕೈ ತೊಳೆದುಕೊಂಡೆ.

ಮರುವಾರವೇ ಆದೇಶ ಬಂತು: ಕೌಂಟರಮ್ಮ ಸೋಮವಾರದಿಂದ ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ. ಆ ಕೋಣೆಯಲ್ಲಿ ಆರೋಗ್ಯವಂತರೇ ಐದು ನಿಮಿಷಕ್ಕೆ ಸೀನುತ್ತಾರೆ. ಉಬ್ಬಸದವರು ಅಲ್ಲಿ ಕೂರುವುದಾದರೂ ಹೇಗೆ? ಕೆಲಸ ಬಿಡಬೇಕು, ಇಲ್ಲವೇ ಉಸಿರು.

ಶುಕ್ರವಾರ ಬೆಳಿಗ್ಗೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಹಳೆ ಕ್ಯಾಲೆಂಡರಿನ ಒಂದು ಹಾಳೆ. ಅದರ ಹಿಂಬದಿಯ ತುಂಬ ಪುಟ್ಟ ಅಕ್ಷರದಲ್ಲಿ ಗಂಟೆ, ನಿಮಿಷ.

“ನನ್ನ ಸ್ಕ್ರೀನ್ ಆಗಾಗ ಕಲ್ಲಾಗಿ ಕೂತುಬಿಡುತ್ತೆ ಕಣಮ್ಮ. ಯಾವಾಗ ಯಾವಾಗ ಅಂತ ಬರೆದಿಟ್ಟಿದ್ದೀನಿ. ಎದುರಿಗೆ ಎಕ್ಸ್‌ರೇ ಕೋಣೆ ಬಾಗಿಲ ಮೇಲೆ ಕೆಂಪು ದೀಪ ಇದ್ಯಲ್ಲ, ಅದು ಆರಿ ಒಂದು ನಿಮಿಷಕ್ಕೆ ಸರಿಯಾಗಿ.”

“ಸಾಧ್ಯವೇ ಇಲ್ಲ,” ಎಂದೆ. ನನ್ನ ಧ್ವನಿ ಏರಿತ್ತು. “ಎಕ್ಸ್‌ರೇ ಕೆಲಸಾನ ನಾನು ಯಾವಾಗಲೋ ಹಿನ್ನೆಲೆಗೆ ಕಳಿಸಿದ್ದೀನಿ!”

ಜಂಬವೂ ಇತ್ತು ಅನ್ನಿ. ನಮ್ಮ ಸರ್ವರಿನಲ್ಲಿ ಬಂದವರನ್ನೆಲ್ಲ ವಿಚಾರಿಸಿಕೊಳ್ಳುವುದು ಒಂದೇ ಥ್ರೆಡ್, ಅಂದರೆ ಪ್ರೋಗ್ರಾಮಿನೊಳಗಿನ ಒಬ್ಬ ಆಳು ಎನ್ನಿ. ಮಹಾ ಚುರುಕು, ಒಬ್ಬರ ಮಾತು ಕೇಳಿ ಕ್ಷಣದಲ್ಲಿ ಇನ್ನೊಬ್ಬರತ್ತ ತಿರುಗುತ್ತದೆ. ಆದರೆ ಎಕ್ಸ್‌ರೇ ಚಿತ್ರ ಕುಗ್ಗಿಸುವಂಥ ನಲವತ್ತು ಸೆಕೆಂಡಿನ ಕೆಲಸ ಅದರ ತಲೆಗೆ ಕಟ್ಟಿದರೆ ಮುಗಿಯಿತು, ಮಿಕ್ಕವರೆಲ್ಲ ಬಾಯಿ ಬಿಟ್ಟುಕೊಂಡು ಕಾಯಬೇಕು. ಅದಕ್ಕೇ ಇಂಥವನ್ನು ಹಿಂದೆ ಬೇರೊಂದು ಥ್ರೆಡ್ಡಿಗೆ ವಹಿಸುತ್ತೇವೆ. ನಾನು ವಹಿಸಿಯೂ ಇದ್ದೆ.

ಕೌಂಟರಮ್ಮ ಜಗಳಕ್ಕೆ ನಿಲ್ಲಲಿಲ್ಲ. “ಇರಬಹುದು. ಬಂದು ಒಂದು ಸಲ ಕೂತು ನೋಡಿ,” ಅಂದರು.

ಕೂತೆ. ಕೆಂಪು ದೀಪ ಆರಿತು. ಒಂದು ನಿಮಿಷದ ನಂತರ ಸ್ಕ್ರೀನ್ ನಿಂತೇ ಹೋಯಿತು. ಸಾಲಿನಲ್ಲಿದ್ದ ಮುದುಕರೊಬ್ಬರು, “ನಿದ್ದೆ ಮಾಡೋಕೆ ಸಂಬಳಾನಾ ನಿಮಗೆ?” ಎಂದು ಗದರಿದರು. ನಾನು ಉರಿದುಬಿದ್ದು ಎದ್ದೆ. ಕೌಂಟರಮ್ಮ ನನ್ನ ಮೊಣಕೈ ಹಿಡಿದು ಕೂರಿಸಿ, “ಹೊಟ್ಟೆನೋವು ಇಟ್ಕೊಂಡು ನಿಂತಿದ್ದಾರೆ, ಬೈಲಿ ಬಿಡಿ,” ಅಂದರು. ಪಕ್ಕದ ಎರಡೂ ಕೌಂಟರಿನ ಕುರ್ಚಿ ಖಾಲಿ. ಸ್ಕ್ರೀನ್ ನಿಂತೊಡನೆ ಅಲ್ಲಿ ಕೂರುವವರು ಚಹಾಕ್ಕೆ ಎದ್ದುಹೋಗುತ್ತಾರಂತೆ. ನಿಂತಿದ್ದು ಎಲ್ಲರದ್ದೂ, ಬೈಗುಳ ಮಾತ್ರ ಇವರಿಗೆ.

ಓಡಿಬಂದು ಕೋಡ್ ತೆರೆದೆ. ಕೆಲಸವನ್ನು ಹಿನ್ನೆಲೆಗೆ ಒಪ್ಪಿಸಿದ ಸಾಲು ಇತ್ತು. ಅದರ ಕೆಳಗೇ ಇನ್ನೊಂದು ಸಾಲು: ಅದು ಮುಗಿಯುವ ತನಕ ಇಲ್ಲೇ ಕಾಯಿ.

ಬರೆದವಳು ನಾನೇ. ಎರಡು ತಿಂಗಳ ಹಿಂದೆ ಎಕ್ಸ್‌ರೇಯವನು ಫೋನ್ ಮಾಡಿ ಚಿತ್ರ ಅರ್ಧವೇ ಬಂದಿದೆ ಎಂದು ರೇಗಿದ್ದ. ಹಾಗಾದರೆ ಪೂರ್ತಿ ಮುಗಿಯದೆ ಯಾರೂ ಅಲ್ಲಾಡಬೇಡಿ ಎಂದು ಸಿಟ್ಟಿನಲ್ಲಿ ಗೀಚಿದ ಸಾಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ನೆಲವನ್ನಲ್ಲ, ಬಡಪಾಯಿ ಎರಡು ಬೆರಳನ್ನು ಬೈದಿದ್ದೆ.

ಕೌಂಟರಮ್ಮನಿಗೆ ತಪ್ಪನ್ನು ಬಿಡಿಸಿ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. “ಅಂದ್ರೆ ಕಾಗದಾನ ಅಂಚೆ ಡಬ್ಬಿಗೆ ಹಾಕಿ, ಉತ್ತರ ಬರೋ ತನಕ ಡಬ್ಬಿ ಹತ್ರಾನೇ ನಿಂತ ಹಾಗೆ!”

ಕೋಡಿನಿಂದ ‘ಇಲ್ಲೇ ಕಾಯಿ’ ಎಂಬ ಸಾಲು ತೆಗೆದೆ. ಚಿತ್ರ ಪೂರ್ತಿಯಾದ ಮೇಲೆ ಹಿಂದಿನ ಥ್ರೆಡ್ಡೇ ಎಕ್ಸ್‌ರೇಯವನ ಸ್ಕ್ರೀನಿಗೆ ಸುದ್ದಿ ಮುಟ್ಟಿಸಲಿ, ಅಲ್ಲಿವರೆಗೆ ಮುಂದಿರುವ ಚುರುಕು ಥ್ರೆಡ್ ಜನರನ್ನು ನೋಡಿಕೊಳ್ಳಲಿ ಎಂದು ತಿದ್ದಿದೆ. ಊಟದ ಬಿಡುವಿನಲ್ಲಿ ಸರ್ವರಿಗೆ ಹಾಕಿದೆ. ಎರಡೂ ಹತ್ತಕ್ಕೆ ಕೆಂಪು ದೀಪ ಆರಿತು. ಒಂದು ನಿಮಿಷ, ಎರಡು ನಿಮಿಷ. ಎರಡು ಬೆರಳು ಟಕ್ ಟಕ್ ಎಂದು ಓಡುತ್ತಲೇ ಇದ್ದವು. ಅತ್ತ ಎಕ್ಸ್‌ರೇಯವನು ಇಣುಕಿ, ಚಿತ್ರ ಪೂರ್ತಿ ಬಂತೆಂದು ಕೈಯೆತ್ತಿದ.

ಅಲ್ಲಿಂದ ನೇರ ಸೂಪರಿಂಟೆಂಡೆಂಟರ ಕೋಣೆಗೆ ಹೋದೆವು. ತಪ್ಪು ನನ್ನದು, ವರದಿ ಸುಳ್ಳು, ಇವರ ಆದೇಶ ರದ್ದು ಮಾಡಿ ಎಂದು ಬರೆದು, ಕ್ಯಾಲೆಂಡರ್ ಹಾಳೆ ಲಗತ್ತಿಸಿ ಕೊಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, “ಓದಿ ತಿಳಿಸ್ತೀನಿ,” ಅಂದರು. ನಾನು ಮೇಜು ಹಿಡಿದು ಅಲ್ಲೇ ನಿಂತೆ. ಸಹಿ ಬೀಳದೆ ಕದಲುವ ಪೈಕಿ ನಾನಲ್ಲ. ಕೌಂಟರಮ್ಮ ನನ್ನ ಕೈಹಿಡಿದು ಎಳೆದರು.

“ಕೊಟ್ಟಾಯ್ತಲ್ಲ? ಬನ್ನಿ. ಮುಗಿದ ಮೇಲೆ ಅವರೇ ಹೇಳಿಕಳಿಸ್ತಾರೆ. ಅಲ್ಲಿ ಸಾಲು ಕಾಯ್ತಿದೆ.”

ಹೋಗುವುದು ಇವರ ಉಸಿರು, ಚಡಪಡಿಸುವುದು ನಾನು! ಓಣಿಯಲ್ಲಿ ನನಗೆ ಅಳು ತಡೆಯಲಾಗಲಿಲ್ಲ. “ನನ್ನದು ದೊಡ್ಡ ತಪ್ಪು, ಹೊಟ್ಟೆಗೆ ಹಾಕಿಕೊಳ್ಳಿ. ಆ ವರದಿ ಬರೆದಿದ್ದು ನಾನು ಅಂತ ನಿಮಗೆ ಈಗ ತಾನೇ ಗೊತ್ತಾಗಿದ್ದು,” ಎಂದೆ.

“ಆದೇಶದಲ್ಲೇ ಇತ್ತಲ್ಲ, ಸಾಫ್ಟ್‌ವೇರಿನವರ ವರದಿ ಮೇರೆಗೆ ಅಂತ. ನೀವಲ್ಲದೆ ಇನ್ಯಾರು?”

“ಗೊತ್ತಿದ್ದೂ ನನ್ನ ಹತ್ರಾನೇ ಬಂದ್ರಾ? ನೇರ ಅವರ ಹತ್ರ ಹೋಗಬಹುದಿತ್ತಲ್ಲ?”

“ಅವರು ನಿಮ್ಮನ್ನ ಬೈತಿದ್ದರು, ಅಷ್ಟೇ. ಸರಿ ಮಾಡೋದು ನಿಮಗೆ ತಾನೇ ಗೊತ್ತಿರೋದು?” ಎಂದು ಕೌಂಟರಮ್ಮ ನೀಲಿ ಡಬ್ಬಿಯಿಂದ ಒಂದು ಉಸಿರು ಎಳೆದುಕೊಂಡು ಸಾಲಿನ ಕಡೆ ನಡೆದರು.

ಆದೇಶ ರದ್ದಾದ ಸುದ್ದಿ ನಾಲ್ಕೂವರೆಗೆ ತಾನಾಗಿಯೇ ಬಂತು. ಅಷ್ಟು ಹೊತ್ತು ನಾನು ನನ್ನ ಕುರ್ಚಿಯಲ್ಲೇ ಕೂತು ಬೇರೆ ಕೆಲಸ ಮಾಡಿದ್ದೆ. ಅಕ್ಕನಿಗೆ ಹೇಳಿದರೆ ಅವಳು ಇನ್ನೂ ನಂಬುವುದಿಲ್ಲ.