ನೀಲಿ ಡ್ರಮ್ಮಿನೊಳಗಿನ ಲೋಳೆ

ಹೊಲಿಗೆ ಶೆಡ್ಡಿನಲ್ಲಿ ಕುಡಿಯುವ ನೀರಿಗೆ ಇದ್ದದ್ದು ಒಂದೇ ನೀಲಿ ಡ್ರಮ್ಮು. ಅದನ್ನು ನೋಡಿಕೊಳ್ಳುವವಳಿಗೆ ಡ್ರಮ್ಮಕ್ಕ ಎಂದೇ ಹೆಸರು ಬಿದ್ದಿತ್ತು. ನೀರು ಅರ್ಧಕ್ಕಿಳಿದರೆ ಸಾಕು, ಮತ್ತೆ ತುಂಬಿಸುತ್ತಿದ್ದಳು. ಡ್ರಮ್ಮು ಬರಿದಾದರೆ ಕೆಲಸ ನಿಲ್ಲುತ್ತದೆ, ಬರಿದಾಗಲೇ ಕೂಡದು ಎಂಬುದು ಸೂಪರ್‌ವೈಸರನ ಕಟ್ಟಪ್ಪಣೆ. ಹೀಗಾಗಿ ನಾಲ್ಕು ವರ್ಷದಿಂದ ಅದರ ತಳ ಕಂಡವರೇ ಇಲ್ಲ.

ಈಗ ಅವಳ ಸ್ವಂತ ತಂಗಿಗೇ, ಅಲ್ಲೇ ಅಂಗಿಗಳಿಗೆ ಗುಂಡಿ ಹಾಕುವವಳಿಗೆ, ತಿಂಗಳಲ್ಲಿ ಮೂರನೇ ಸಲ ಭೇದಿ. "ಇನ್ನೊಂದು ರಜಾ ಹಾಕಿದ್ರೆ ಕೆಲಸಕ್ಕೆ ಬರೋದೇ ಬೇಡ" ಎಂದುಬಿಟ್ಟ ಸೂಪರ್‌ವೈಸರ್.

ತಂಗಿಯನ್ನು ನೋಡಿಕೊಂಡು ಶೆಡ್ಡಿಗೇ ಬಂದ ನರ್ಸಮ್ಮ ಡ್ರಮ್ಮಿನ ನೀರಿನ ಮೇಲೆ ಸಂಶಯಪಟ್ಟಾಗ ಡ್ರಮ್ಮಕ್ಕನಿಗೆ ಮೂಗಿನ ತುದಿಗೆ ಕೋಪ ಬಂತು.

"ನನ್ನ ನೀರಿಗೇನಾಗಿದೆ? ದಿನಾ ಬ್ಲೀಚಿಂಗ್ ಪುಡಿ ಹಾಕ್ತೀನಿ. ಈ ವಾರ ಎರಡರಷ್ಟು ಹಾಕಿದೀನಿ."

"ಹಾಕಿಲ್ಲ ಅಂದೆನಾ? ಒಳಗೋಡೆ ಮೇಲೆ ಒಂದ್ಸಲ ಬೆರಳಾಡಿಸಮ್ಮ."

ಬೆರಳಿಗೆ ಬಟ್ಟೆಗೆ ಹಾಕುವ ಗಂಜಿಯಂಥ ಲೋಳೆ ಹತ್ತಿತು.

"ಪಾಚಿ ತಾನೇ?"

"ಕ್ರಿಮಿಗಳ ಊರು ಕಣಮ್ಮ. ಒಂಟಿಯಾಗಿ ತೇಲೋ ಕ್ರಿಮಿ ಔಷಧಿಗೆ ಸಾಯುತ್ತೆ. ಗೋಡೆಗೆ ಅಂಟಿದವು ಎಲ್ಲಾ ಸೇರಿ ಲೋಳೆ ಸುರಿಸಿ, ಅದನ್ನೇ ಸೂರು ಮಾಡ್ಕೊಳ್ತವೆ. ಒಂದಕ್ಕೊಂದು ರಸ ಬಿಟ್ಟು ಸುದ್ದಿನೂ ಮುಟ್ಟಿಸ್ತವೆ. ನಿನ್ನ ಪುಡಿ ಮೇಲಿನ ಪದರದಲ್ಲೇ ಖರ್ಚಾಗುತ್ತೆ, ಒಳಗಿನವು ಆರಾಮ. ಹೊಟ್ಟೆ ಕೆಡಿಸೋ ಕ್ರಿಮಿಗೂ ಅಲ್ಲೇ ಜಾಗ. ಉಜ್ಜದೆ ಅವು ಜಪ್ಪಯ್ಯ ಅನ್ನಲ್ಲ."

ಡ್ರಮ್ಮಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ತಂಗಿಗೆ ದಿನಾ ಲೋಟ ತುಂಬಿಸಿ ಕೊಟ್ಟದ್ದು ಅವಳ ಕೈಯೇ.

"ಕಣ್ಣಿಗೆ ಕಾಣದ ಕ್ರಿಮಿಗೆ ಇಷ್ಟು ಒಗ್ಗಟ್ಟು. ನಾವು ಮೂವತ್ತು ಜನ ಒಬ್ಬನಿಗೆ ಹೆದರ್ಕೊಂಡು ಕೂತಿದೀವಿ" ಎಂದಳು.

ಮರುದಿನ ಬೆಳಿಗ್ಗೆ ಅವಳು ಡ್ರಮ್ಮನ್ನು ಬಾಗಿಲಾಚೆ ಎಳೆದು ಮಗುಚಿಯೇ ಬಿಟ್ಟಳು. ಸೂಪರ್‌ವೈಸರ್ ಓಡಿಬಂದ.

"ಯಾರನ್ನ ಕೇಳಿ ಚೆಲ್ಲಿದೆ? ಕೆಲಸ ಬೇಕೋ ಬೇಡ್ವೋ?"

"ಬೇಕು ಸರ್. ಒಳ್ಳೆ ನೀರೂ ಬೇಕು. ನನ್ನ ತಂಗಿಗೆ ಕಾಯಿಲೆ ತಂದಿದ್ದು ಈ ಡ್ರಮ್ಮು. ಅವಳನ್ನ ಕೆಲಸದಿಂದ ತೆಗೆಯೋ ಮಾತು ಬಿಡಿ."

ಒಳಗೆ ಒಂದು ಮಶೀನು ನಿಂತಿತು. ಆಮೇಲೆ ಅದರ ಪಕ್ಕದ್ದು. ಎಲ್ಲವೂ ನಿಂತಾಗ ಶೆಡ್ಡಿನಲ್ಲಿ ಫ್ಯಾನುಗಳ ಸದ್ದಷ್ಟೇ ಉಳಿಯಿತು. ಸೂಪರ್‌ವೈಸರ್ ಎಲ್ಲರ ಮುಖ ನೋಡಿದ.

"ಬೇಗ ತೊಳೆದು ಮುಗಿಸಿ" ಎಂದು ಗೊಣಗಿದ.

"ತಂಗಿ ವಿಷಯ?" ಡ್ರಮ್ಮಕ್ಕ ಕದಲಲಿಲ್ಲ.

"ಹುಷಾರಾದ ಮೇಲೆ ಬರ್ಲಿ ಅನ್ನು."

ಆಮೇಲೆಯೇ ಅವಳು ಬ್ರಷ್ ಕೈಗೆತ್ತಿಕೊಂಡದ್ದು.

ನೀವೂ ಇವತ್ತೇ ನಿಮ್ಮ ಡ್ರಮ್ಮು, ಕೊಡ, ತೊಟ್ಟಿಯ ಒಳಗೋಡೆಗೆ ಬೆರಳಾಡಿಸಿ ನೋಡಿ. ಬೆರಳು ಜಾರಿದರೆ ನೀರು ಚೆಲ್ಲಿ. ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ, ತಳ ಮತ್ತು ನಲ್ಲಿಯ ಬಾಯಿಯನ್ನೂ ಬಿಡದೆ ಉಜ್ಜಿ ತೊಳೆಯಿರಿ. ನಂತರ ಹೊಸ ನೀರು ತುಂಬಿಸಿ, ನಿಮ್ಮೂರಿನ ನರ್ಸಮ್ಮ ಹೇಳಿದ ಅಳತೆಯಷ್ಟೇ ಬ್ಲೀಚಿಂಗ್ ಪುಡಿ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕೆಲಸದ ಜಾಗದಲ್ಲಿ ಯಾರಾದರೂ ತೊಳೆಯಲು ಟೈಮಿಲ್ಲ ಎಂದರೆ, ಕೇಳಲು ಒಬ್ಬರೇ ಹೋಗಬೇಡಿ. ಎಲ್ಲರೂ ಹೋಗಿ.