ನೀರಿನಲ್ಲಿ ನಿಂತವನಿಗೆ ಒಂದು ಪ್ರಶ್ನೆ

ಭಾನುವಾರ ಬೆಳಿಗ್ಗೆ ಏಳೂವರೆ. ಕಂಪ್ಲಿಯ ಬಳಿ ತುಂಗಭದ್ರೆಯಲ್ಲಿ ಅಂಜಿನಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ. ದಡದಲ್ಲಿ ತುಳಸಿ ಟವೆಲ್ ಹಿಡಿದು ನಿಂತಿದ್ದಳು. ಅವಳ ಗಂಡ ಹುಲುಗಪ್ಪ ಸತ್ತದ್ದು ಅಂಜಿನಿಯ ಟ್ರ್ಯಾಕ್ಟರಿಗೆ ಸಿಕ್ಕಿ.

ಎರಡು ವರ್ಷದ ಹಿಂದೆ, ಪಾಪಿನಾಯಕನಹಳ್ಳಿ ರಸ್ತೆಯಲ್ಲಿ ಹುಲುಗಪ್ಪ ಪಂಕ್ಚರಾದ ಮೊಪೆಡ್ ತಳ್ಳಿಕೊಂಡು ಮುಂದೆ ಹೋಗುತ್ತಿದ್ದ, ತುಳಸಿ ಚೀಲ ಹೊತ್ತು ಹಿಂದೆ. ಸಂಜೆಯಾದರೂ ಇನ್ನೂ ಬೆಳಕಿತ್ತು. ಕಬ್ಬು ತುಂಬಿದ ಎರಡು ಟ್ರೈಲರ್ ಎಳೆದುಕೊಂಡು ಬಂದ ಟ್ರ್ಯಾಕ್ಟರ್ ರಸ್ತೆ ಬಿಟ್ಟು ಅಂಚಿಗಿಳಿಯಿತು. ಸ್ಟೇರಿಂಗ್ ಹಿಡಿದಿದ್ದವನು ಅಂಜಿನಿ. ಕೂಲಿಯಾಳು ಓಬಳೇಶ ಮಡ್‌ಗಾರ್ಡ್ ಮೇಲೆ ಕೂತಿದ್ದ. ತುಳಸಿ ಅದನ್ನು ಕಣ್ಣಾರೆ ಕಂಡಿದ್ದಳು. ಬೇರೆ ಯಾರೂ ಕಂಡಿರಲಿಲ್ಲ. ತಾನಲ್ಲ, ಓಬಳೇಶ ಓಡಿಸುತ್ತಿದ್ದ ಎಂಬುದು ಆರೋಪಿ ಅಂಜಿನಿಯ ವಾದ. ಈ ಭಾನುವಾರದ ಮರುದಿನ ಹೊಸಪೇಟೆಯ ನ್ಯಾಯಾಲಯದಲ್ಲಿ ಅವಳ ಸಾಕ್ಷಿ ಇತ್ತು. ಅವಳು ಹಿಂದೆ ಸರಿದರೆ ಅಂಜಿನಿ ಪಾರಾಗುತ್ತಿದ್ದ. ಊರಿನ ಬಾಯಲ್ಲಿ ಓಬಳೇಶನೇ ಕೊಂದವನಾಗಿ ಉಳಿಯುತ್ತಿದ್ದ.

ಜಾಮೀನಿನ ಮೇಲೆ ಬಂದ ಅಂಜಿನಿ ಕಮಲಾಪುರದ ಪ್ರಾರ್ಥನಾಮಂದಿರಕ್ಕೆ ಸೇರಿದ್ದ. ತುಳಸಿ ಮೊದಲಿಂದಲೂ ಅಲ್ಲಿಯವಳು. ಆ ಸಭೆಯಲ್ಲೊಂದು ಪದ್ಧತಿ ಇತ್ತು: ದೀಕ್ಷಾಸ್ನಾನ ಪಡೆದು ಮೇಲೇಳುವವನಿಗೆ ಅವನಿಂದ ನೊಂದವರೇ ಟವೆಲ್ ಹೊದಿಸಬೇಕು. ಹೊದಿಸಿದರೆ ಕ್ಷಮಿಸಿದಂತೆ. ಆಮೇಲೆ ಆ ಮಾತನ್ನು ಎಲ್ಲಿಯೂ ಎತ್ತುವಂತಿಲ್ಲ. ಕೋರ್ಟಿನಲ್ಲೂ ಇಲ್ಲ ಎಂದು ಪಾಸ್ಟರ್ ಮನೋಹರ್ ಬಿಡಿಸಿ ಹೇಳಿದ್ದರು.

ಒಂದು ತಿಂಗಳಿಂದ ಅವರು ಬೋಧಿಸಿದ್ದು ಒಂದೇ ವಿಷಯ. ಬೇರೆಯವರ ತಪ್ಪನ್ನು ಕ್ಷಮಿಸದವರನ್ನು ಪರಲೋಕದ ತಂದೆಯೂ ಕ್ಷಮಿಸುವುದಿಲ್ಲ ಎಂಬ ಮತ್ತಾಯನ ಸುವಾರ್ತೆಯ ಮಾತು. ತುಳಸಿ ಮನೆಯಲ್ಲಿ ಲೂಕನ ಸುವಾರ್ತೆಯನ್ನೂ ತೆರೆದು ನೋಡಿದಳು. ತಪ್ಪು ಮಾಡಿದವನನ್ನು ಮೊದಲು ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದು ಅಲ್ಲಿತ್ತು. ಒಂದು ಕಡೆ ಷರತ್ತು ನೊಂದವಳಿಗೆ, ಇನ್ನೊಂದು ಕಡೆ ನೋಯಿಸಿದವನಿಗೆ. ಎರಡೂ ದೇವರ ವಾಕ್ಯವಾದರೆ ಪಾಲಿಸುವುದು ಯಾವುದನ್ನು? ಸತ್ತವನ ಪರವಾಗಿ ಹೆಂಡತಿ ಕ್ಷಮಿಸಬಹುದು ಎಂಬ ಮಾತಂತೂ ಅವಳಿಗೆ ಎಷ್ಟು ಹುಡುಕಿದರೂ ಸಿಗಲಿಲ್ಲ.

“ಪಾಪ ಒಪ್ಪಿಕೊಂಡಿಯೇನಪಾ ಅಂಜಿನಿ?” ನೀರಿನಲ್ಲಿ ಪಕ್ಕ ನಿಂತಿದ್ದ ಪಾಸ್ಟರ್ ಕೇಳಿದರು.

“ಎಲ್ಲಾ ಒಪ್ಪಿಕೊಂಡೀನ್ರಿ.”

“ಎಲ್ಲಾ ಅಂದ್ರ ಯಾವ್ದು?” ದಡದಿಂದ ತುಳಸಿ ಕೇಳಿದಳು.

ಹಾಡುತ್ತಿದ್ದವರು ನಿಲ್ಲಿಸಿದರು.

“ಈಗಲ್ಲವಾ, ತುಳಸಿ,” ಎಂದರು ಪಾಸ್ಟರ್.

“ಒಂದ ಮಾತ್ರಿ. ಅಂಜಿನಿ, ಅವತ್ತು ಟ್ರ್ಯಾಕ್ಟರ್ ಯಾರು ಹೊಡಿತಿದ್ರು?”

ಅಂಜಿನಿಯ ಅಕ್ಕ ಕೊಟ್ರಬಸಮ್ಮ ಸೆರಗು ಬಿಗಿದು ಮುಂದೆ ಬಂದಳು. “ಏನವಾ, ಹೊಳ್ಯಾಗೂ ಕೋರ್ಟ್ ಹಚ್ಚಿಯೇನು?”

“ಜಲ್ದಿ ಹೇಳಲೇ, ಥಂಡಿ ಹತ್ತೀತು!” ಹಿಂದಿನಿಂದ ಯಾರೋ ಕೂಗಿದರು. ಒಂದಿಬ್ಬರು ನಕ್ಕರು.

ಅಂಜಿನಿ ನಗಲಿಲ್ಲ. “ಆ ಮಾತು ಎಲ್ಲೂ ಆಡಬ್ಯಾಡ ಅಂತ ವಕೀಲ್ರು ಹೇಳ್ಯಾರ.”

“ಅವನ ಮನಸ್ಸು ದೇವ್ರಿಗೆ ಗೊತ್ತೈತಿ,” ಎಂದರು ಪಾಸ್ಟರ್.

“ದೇವ್ರಿಗೆ ಗೊತ್ತೈತ್ರಿ. ಜಡ್ಜಿಗೆ ಗೊತ್ತಿಲ್ಲ.”

“ತನ್ನ ಪಕ್ಕದ ಶಿಲುಬಿ ಮ್ಯಾಲಿದ್ದ ಕಳ್ಳಗ ಸ್ವಾಮಿ ಏನಂದ? ಇವತ್ತ ನನ್ನ ಕೂಡ ಪರದೈಸಿನಾಗ, ಸ್ವರ್ಗದಾಗ ಇರ್ತಿ ಅಂದ. ಸಾಕ್ಷಿ, ವಾಯಿದೆ ಕೇಳಿದ್ನೇನು?”

“ಆ ಕಳ್ಳ ಮೊದ್ಲು ಬಾಯಿಬಿಟ್ಟನಲ್ರಿ, ನಾವು ಮಾಡಿದ್ದಕ್ಕ ತಕ್ಕ ಶಿಕ್ಷಾ ಅಂತ. ಅಷ್ಟು ಹೇಳಿದ್ರೂ ಅವನ್ನ ಶಿಲುಬಿಯಿಂದ ಯಾರರ ಇಳಿಸಿದ್ರೇನು? ಕಾಲು ಮುರದ್ರು. ಪರದೈಸು ಸಿಕ್ತು, ಶಿಕ್ಷಾ ತಪ್ಪಲಿಲ್ಲ.”

ಪಾಸ್ಟರ್ ಮುಖ ಕೆಂಪಾಯಿತು. “ವಾಕ್ಯ ತಿರುಚಬ್ಯಾಡ. ಟವೆಲ್ ಹೊದಿಸ್ಲಿಲ್ಲಂದ್ರ ನಿನಗ ಸಭೆಯಾಗ ಜಾಗ ಇಲ್ಲ. ಏನು ಮಾಡ್ತಿ ಹೇಳು.”

ಹುಲುಗಪ್ಪನ ಹೆಣಕ್ಕೆ ಹೆಗಲು ಕೊಟ್ಟವರು ಈ ಜನವೇ. ಅವಳು ಹಾಸಿಗೆ ಹಿಡಿದಾಗ ಸರದಿಯಲ್ಲಿ ಗಂಜಿ ತಂದು ಕುಡಿಸಿದವರೂ ಇವರೇ. ಈಗ ಒಬ್ಬರೂ ಅವಳ ಮುಖ ನೋಡುತ್ತಿರಲಿಲ್ಲ. ಅವಳು ಸೀರೆ ಎತ್ತಿ ಹಿಡಿಯದೆ ಮೊಣಕಾಲಿನವರೆಗೆ ನೀರಿಗಿಳಿದಳು. ಅಂಜಿನಿಯ ತುಟಿ ಕಪ್ಪಿಟ್ಟಿತ್ತು. ಅವನ ಕಣ್ಣು ಟವೆಲ್ ಮೇಲಿತ್ತು.

“ಹೇಳು. ಈಗಿಂದೀಗ ಹೊದಿಸ್ತೀನಿ. ನಾಳೆ ಜಡ್ಜ್ ಮುಂದನೂ ನಿನ್ನ ಪರ ಒಂದು ಮಾತು ಆಡ್ತೀನಿ, ತಪ್ಪೊಪ್ಪಿಕೊಂಡಾನ, ದಯಾ ಇಡ್ರಿ ಅಂತ. ಯಾರು ಹೊಡಿತಿದ್ರು?”

ಅಂಜಿನಿ ಅಕ್ಕನತ್ತ ನೋಡಿದ, ಆಮೇಲೆ ಪಾಸ್ಟರ್ ಕಡೆ.

“ಓಬಳೇಶ,” ಎಂದ.

ಪಾಸ್ಟರ್ ಕಣ್ಣು ಮುಚ್ಚಿದರು. ಆದರೂ ಅಂಜಿನಿಯ ತಲೆಯ ಮೇಲಿಟ್ಟಿದ್ದ ಕೈ ತೆಗೆಯಲಿಲ್ಲ. ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ ಅವನನ್ನು ಮುಳುಗಿಸಿ ಎತ್ತಿದರು. ಅಂಜಿನಿ ಕೆಮ್ಮುತ್ತ ತುಳಸಿಯತ್ತ ಕೈ ಚಾಚಿದ.

ತುಳಸಿ ಇನ್ನೆರಡು ಹೆಜ್ಜೆ ಮುಂದಿಟ್ಟು ಟವೆಲನ್ನು ಪಾಸ್ಟರ್ ಹೆಗಲಿಗೆ ಹಾಕಿದಳು.

“ನೀವ ಹೊದಿಸ್ರಿ ಅಯ್ಯಾರ. ಅವ ನಿಮಗೇನೂ ಮಾಡಿಲ್ಲ.”

ಪಾಸ್ಟರ್ ಹೊದಿಸಿದರು. ಹಾಡು ಮತ್ತೆ ಶುರುವಾಯಿತು. ತುಳಸಿ ಒದ್ದೆ ಸೀರೆಯಲ್ಲೇ ಕಂಪ್ಲಿ ಬಸ್ ನಿಲ್ದಾಣಕ್ಕೆ ನಡೆದಳು. ಯಾರೂ ಜೊತೆಗೆ ಬರಲಿಲ್ಲ.

ಸೋಮವಾರ ಮಧ್ಯಾಹ್ನ ಅವಳು ಹೊಸಪೇಟೆಯ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದಳು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅಂಜಿನಿ ಎಂದು ಹೇಳಿದಳು.